ಮಾಲೀಕರು ಬಿಡಲ್ಲ ಅಂದರೆ ಲಾರಿ ಕೆಲಸ ಬಿಡುವುದು ಹೇಗೆ?

ಹನ್ನೊಂದು ವರ್ಷ ಲೈನ್ ಗಾಡಿ, ಅಂದರೆ ದೂರದ ಊರುಗಳಿಗೆ ಹೋಗುವ ಲಾರಿ ಓಡಿಸಿದೆ. ಸೊಂಟ ಕೈಕೊಟ್ಟ ಮೇಲೆ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಟ್ರಿಪ್ ಲೆಕ್ಕ ಬರೆಯುತ್ತಿದ್ದೇನೆ. ಹಾಗಾಗಿ ಸ್ಟಿಯರಿಂಗ್ ಹಿಡಿದವನ ಸಂಕಟವೂ ಗೊತ್ತು, ಗಲ್ಲಾದ ಹಿಂದೆ ಕೂತವರ ಪಟ್ಟುಗಳೂ ಗೊತ್ತು. ತಿಂಗಳಿಗೆ ಇಬ್ಬರಾದರೂ ಹುಡುಗರು ಬಂದು ಕೇಳುವುದು ಒಂದೇ ಮಾತು: "ಅಣ್ಣಾ, ಕೆಲಸ ಬಿಡ್ತೀನಿ ಅಂದ್ರೆ ಓನರ್ ಲೆಕ್ಕ ಮುಗಿಸ್ತಿಲ್ಲ. ಡಿಎಲ್ (ಡ್ರೈವಿಂಗ್ ಲೈಸೆನ್ಸ್) ಅವ್ರ ಹತ್ರಾನೇ ಇದೆ. ಏನ್ ಮಾಡ್ಲಿ?"

ನಮ್ಮ ಹಳ್ಳಿಗಳಲ್ಲಿ ಹಿಂದೆ ದೆವ್ವ ಬಾರದಿರಲಿ ಅಂತ ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆಯುತ್ತಿದ್ದರು. ಲೆಕ್ಕ ಕೇಳಲು ಹೋದ ಡ್ರೈವರ್‌ಗೂ ಅದೇ ಉತ್ತರ. ದೆವ್ವ ವಾಪಸ್ ಹೋಗುತ್ತಿತ್ತಂತೆ. ಡ್ರೈವರ್ ಹೋಗುವುದಿಲ್ಲ. ಸಿಟ್ಟಿಗೆದ್ದು ಏನೋ ಒಂದು ಮಾಡಿಕೊಳ್ಳುತ್ತಾನೆ, ಅಲ್ಲಿಗೆ ನ್ಯಾಯ ಮಾಲೀಕರ ಕಡೆ ವಾಲುತ್ತದೆ. ನಾನೂ ಹಾಗೇ ಮಾಡಿಕೊಂಡವನು, ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ.

ಲೋಡ್ ಇರುವಾಗ ಗಾಡಿಯಿಂದ ಇಳಿಯಬೇಡಿ

ಚಳ್ಳಕೆರೆಯಲ್ಲಿ ಈರುಳ್ಳಿ ತುಂಬಿಕೊಂಡು ಚೆನ್ನೈಗೆ ಹೊರಟಿದ್ದೆ. ಮೂರು ತಿಂಗಳ ಸಂಬಳ ಬಾಕಿ. ಹೊಸೂರು ದಾಟುವಾಗ ಫೋನಿನಲ್ಲಿ ಮಾಲೀಕರ ಜೊತೆ ಮಾತಿಗೆ ಮಾತು ಬೆಳೆಯಿತು. "ನಿಮ್ಮ ಗಾಡಿ ನೀವೇ ಇಟ್ಕೊಳ್ಳಿ" ಅಂದವನೇ ಕೀಲಿಯನ್ನು ಕ್ಲೀನರ್ ಕೈಗೆ ಕೊಟ್ಟು ಬಸ್ ಹತ್ತಿದೆ. ಆ ಕ್ಷಣಕ್ಕೆ ಹಾಯಾಗಿತ್ತು. ಬದಲಿ ಡ್ರೈವರ್ ಬರುವಷ್ಟರಲ್ಲಿ ಎರಡು ದಿನ ಮಳೆ, ಟಾರ್ಪಾಲು ಸರಿಯಾಗಿ ಕಟ್ಟಿರಲಿಲ್ಲ, ಈರುಳ್ಳಿ ಕೊಳೆಯಿತು. ನಷ್ಟವೆಲ್ಲ ನನ್ನ ತಲೆಗೆ ಬಂತು. ಸ್ಟೇಷನ್ನಿನಿಂದ ಫೋನೂ ಬಂತು. ಕೊನೆಗೆ ಆ ಮೂರು ತಿಂಗಳ ಸಂಬಳ ಬಿಟ್ಟುಕೊಟ್ಟು ಕೈ ತೊಳೆದುಕೊಂಡೆ. ನ್ಯಾಯ ನನ್ನ ಕಡೆಗಿತ್ತು. ದಾರಿಯಲ್ಲಿ ಇಳಿದು ಅದನ್ನು ನಾನೇ ಹಾಳುಮಾಡಿಕೊಂಡೆ.

ಲಾರಿ ಕೆಲಸಕ್ಕೂ ಬೇರೆ ಕೆಲಸಕ್ಕೂ ಇರುವ ವ್ಯತ್ಯಾಸ ಇದೇ. ಅಂಗಡಿ ಹುಡುಗ ಬೆಳಿಗ್ಗೆ ಬಾರದಿದ್ದರೆ ಕೆಲಸ ಬಿಟ್ಟ ಅಂತ ಲೆಕ್ಕ. ನಮ್ಮ ಕೈಯಲ್ಲಿ ಮೂವತ್ತು ನಲವತ್ತು ಲಕ್ಷದ ಗಾಡಿ ಇರುತ್ತದೆ, ಅದರ ಮೇಲೆ ಇನ್ನೊಬ್ಬರ ಮಾಲು ಇರುತ್ತದೆ. ಹಾಗೇ ಬಿಟ್ಟು ಬಂದರೆ "ಕೆಲಸ ಬಿಟ್ಟ" ಅನ್ನುವುದಿಲ್ಲ, "ಮೋಸ ಮಾಡಿದ" ಅನ್ನುತ್ತಾರೆ. ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಂ ನಂಬಿಕೆ ದ್ರೋಹದ್ದು. ಒಪ್ಪಿಸಿದ ವಸ್ತುವನ್ನು ನೌಕರನೇ ದುರುಪಯೋಗ ಮಾಡಿದ ಎಂದಾದರೆ ಏಳು ವರ್ಷದವರೆಗೆ ಶಿಕ್ಷೆ ಇದೆ. ನೀವು ಏನನ್ನೂ ಕದ್ದಿರದಿದ್ದರೂ ದೂರು ಬರೆಯುವವರಿಗೆ ಅಷ್ಟು ಎಳೆ ಸಾಕು.

"ದುಡ್ಡು ಕೊಡೋವರೆಗೂ ಕೀಲಿ ಕೊಡಲ್ಲ" ಅಂತ ಗಾಡಿಯನ್ನು ಊರಿಗೆ ತಂದು ನಿಲ್ಲಿಸಿಕೊಳ್ಳುವುದು, ಬಾಕಿಗೆ ಸರಿಯಾಗಲಿ ಅಂತ ಡೀಸೆಲ್ ಮಾರುವುದು, ಸ್ಟೆಪ್ನಿ ಇಳಿಸುವುದು, ಇವೆಲ್ಲ ಅದೇ ಜಾತಿಯ ತಪ್ಪುಗಳು. ನಿಮಗೆ ಬರಬೇಕಾದ್ದು ಐವತ್ತು ಸಾವಿರ ಇರಬಹುದು. ಎರಡು ಸಾವಿರದ ಡೀಸೆಲ್ ಮಾರಿದಿರೋ, ಆ ಐವತ್ತು ಸಾವಿರದ ಮಾತು ಮುಂದೆ ಯಾರೂ ಕೇಳುವುದಿಲ್ಲ.

ಬ್ರೇಕ್ ಹಿಡಿಯುತ್ತಿಲ್ಲ, ಟಯರ್ ಬೋಳು, ನಿಮಗೇ ಜ್ವರ, ಮುಂದೆ ಓಡಿಸಲಾಗದು ಅನ್ನುವ ಸ್ಥಿತಿ ದಾರಿಯಲ್ಲೇ ಬಂದರೆ? ಓಡಿಸಬೇಡಿ. ಕೆಟ್ಟ ಸ್ಥಿತಿಯ ಗಾಡಿಯನ್ನು ರಸ್ತೆಯಲ್ಲಿ ಓಡಿಸುವುದು ಮೋಟಾರು ವಾಹನ ಕಾಯ್ದೆಯ 190ನೇ ಕಲಮಿನ ಪ್ರಕಾರ ಅಪರಾಧ. ಶಿರಾಡಿ ಘಾಟಿಯಲ್ಲಿ ಇಳಿಯುವಾಗ ನಿಮ್ಮ ಪಕ್ಕದಲ್ಲಿ ಮಾಲೀಕರು ಕೂತಿರುವುದಿಲ್ಲ. ಬಂಕ್ ಅಥವಾ ಟೋಲ್ ಹತ್ತಿರ, ಕ್ಯಾಮೆರಾ ಇರುವ ಕಡೆ ನಿಲ್ಲಿಸಿ, ಬ್ರೇಕಿನದೋ ಟಯರಿನದೋ ವಿಡಿಯೋ ಮಾಡಿ, ಮಾಲೀಕರಿಗೂ ಲೋಡ್ ಕೊಟ್ಟ ಆಫೀಸಿಗೂ ವಾಟ್ಸಾಪ್ ಹಾಕಿ. ಇ-ವೇ ಬಿಲ್, ಅಂದರೆ ಮಾಲು ಸಾಗಿಸಲು ಬೇಕಾದ ಜಿಎಸ್‌ಟಿ ಚೀಟಿಯ ಬಗ್ಗೆಯೂ ಎಚ್ಚರಿಸಿ. ಅದಕ್ಕೆ 200 ಕಿಲೋಮೀಟರಿಗೆ ಒಂದು ದಿನದ ಲೆಕ್ಕದಲ್ಲಿ ಅವಧಿ ಇರುತ್ತದೆ, ಮುಗಿಯುವ ಮುಂಚಿನ ಅಥವಾ ಮುಗಿದ ನಂತರದ ಎಂಟು ಗಂಟೆಯೊಳಗೆ ವಿಸ್ತರಿಸಿಕೊಳ್ಳಬೇಕು. ಬದಲಿ ಡ್ರೈವರ್ ಬರುವವರೆಗೆ ಗಾಡಿ ಹತ್ತಿರವೇ ಇದ್ದು, ಅವನ ಸಹಿ ಪಡೆದು ಹೊರಡಿ.

ಬಾಯಿ ಬಿಡುವ ಮುಂಚೆ

ಬಿಡುತ್ತೇನೆ ಅಂತ ಒಮ್ಮೆ ಹೇಳಿದ ಮೇಲೆ ಆಫೀಸಿನ ಪುಸ್ತಕಗಳು ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಮನಸ್ಸು ಮಾಡಿದ ದಿನದಿಂದ ಎರಡು ಟ್ರಿಪ್ ಮುಗಿಯುವವರೆಗೂ ಯಾರಿಗೂ ಹೇಳಬೇಡಿ. ಕ್ಲೀನರ್‌ಗೂ ಬೇಡ. ಢಾಬಾದಲ್ಲಂತೂ ಬೇಡವೇ ಬೇಡ. ನೆಲಮಂಗಲದಲ್ಲಿ ಆಡಿದ ಮಾತು ಸಂಜೆಯೊಳಗೆ ದಾವಣಗೆರೆ ಮುಟ್ಟಿರುತ್ತದೆ.

ಆ ಅವಧಿಯಲ್ಲಿ ಸೇರಿಸಿಕೊಳ್ಳಬೇಕಾದ್ದು ನೀವು ಅಲ್ಲಿ ಕೆಲಸ ಮಾಡಿದ್ದಕ್ಕೆ ಸಾಕ್ಷಿ. ನಮ್ಮಲ್ಲಿ ಹೆಚ್ಚಿನವರಿಗೆ ನೇಮಕದ ಪತ್ರವೇ ಇರುವುದಿಲ್ಲ. ಜಗಳ ಬಂದಾಗ ಮಾಲೀಕರ ಮೊದಲ ಮಾತು "ಅವನು ನಮ್ಮಲ್ಲಿ ಕೆಲಸಕ್ಕಿರಲಿಲ್ಲ, ಆಗಾಗ ಒಂದು ಟ್ರಿಪ್ ಹೊಡೆದುಕೊಡ್ತಿದ್ದ" ಎಂಬುದೇ. ಆದರೆ ಸಾಕ್ಷಿ ನಿಮ್ಮ ಜೇಬಿನಲ್ಲೇ ಇದೆ. ಫೋನ್‌ಪೇ, ಗೂಗಲ್‌ಪೇನಲ್ಲಿ ಅವರಿಂದ ಬಂದ ಪ್ರತಿ ದುಡ್ಡು. ಬ್ಯಾಂಕ್ ಸ್ಟೇಟ್‌ಮೆಂಟ್. ನಿಮ್ಮ ಹೆಸರಿರುವ ಎಲ್‌ಆರ್ (ಮಾಲಿನ ಜೊತೆ ಕೊಡುವ ಲಾರಿ ರಸೀದಿ), ಗೇಟ್ ಪಾಸ್. ಲೋಡಿಂಗ್ ಪಾಯಿಂಟಿನಲ್ಲಿ ನಿಮ್ಮ ಡಿಎಲ್ ನಂಬರ್ ಬರೆದುಕೊಂಡ ಚೀಟಿ. "ನಾಳೆ ತೋರಣಗಲ್ಲಿಗೆ ಹೋಗು" ಅಂತ ಬಂದ ವಾಯ್ಸ್ ಮೆಸೇಜ್. ಎಲ್ಲವನ್ನೂ ಫೋಟೋ ತೆಗೆದು, ಸ್ಕ್ರೀನ್‌ಶಾಟ್ ಮಾಡಿ ಮನೆಯವರ ಫೋನಿಗೂ ಕಳಿಸಿಡಿ. ಆಫೀಸಿನಿಂದ ಕೊಟ್ಟ ಫೋನು ಅಥವಾ ಸಿಮ್ ಬಳಸುತ್ತಿದ್ದರೆ ಇದು ಇನ್ನೂ ಮುಖ್ಯ, ಒಂದು ದಿನ ಅದನ್ನು ಕಿತ್ತುಕೊಂಡರೆ ಎಲ್ಲ ಹೋಯಿತು.

ಲೆಕ್ಕ ನೀವೇ ಬರೆಯಿರಿ

ನಾನು ಕಂಡಂತೆ ಡ್ರೈವರ್‌ಗಳು ಸೋಲುವುದು ಇಲ್ಲೇ. ಮಾಲೀಕರ ಹತ್ತಿರ ಪುಸ್ತಕ ಇರುತ್ತದೆ, ನಮ್ಮ ಹತ್ತಿರ ನೆನಪು ಇರುತ್ತದೆ. ಪುಸ್ತಕದ ಎದುರು ನೆನಪು ನಿಲ್ಲುವುದಿಲ್ಲ.

ಇಪ್ಪತ್ತು ರೂಪಾಯಿಯ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಒಂದು ಪುಟದಲ್ಲಿ ಬರಬೇಕಾದ್ದು, ಎದುರು ಪುಟದಲ್ಲಿ ಪಡೆದದ್ದು. ಒಬ್ಬ ಹುಡುಗನ ಲೆಕ್ಕವನ್ನು ನಾನು ಹೀಗೆ ಬರೆದುಕೊಟ್ಟಿದ್ದೆ. ಸಂಬಳ ತಿಂಗಳಿಗೆ 18,000, ಎರಡೂವರೆ ತಿಂಗಳು ಬಾಕಿ: 45,000. ಕೊನೆಯ ಎರಡು ಟ್ರಿಪ್ಪಿನ ಬಾಟಾ (ದಾರಿ ಭತ್ಯೆ): 3,500. ಪಂಕ್ಚರ್, ಹಮಾಲಿ ಅಂತ ಕೈಯಿಂದ ಹಾಕಿದ್ದು: 2,000. ಒಟ್ಟು 50,500. ಎದುರು ಪುಟದಲ್ಲಿ, ಸೇರುವಾಗ ತೆಗೆದುಕೊಂಡ ಮುಂಗಡ 40,000. ಅದರಲ್ಲಿ ತಿಂಗಳು ತಿಂಗಳು ಹಿಡಿದದ್ದು 22,000. ಉಳಿದದ್ದು 18,000. ಅಂದರೆ ಮುಂಗಡ ಕಳೆದು ಅವನಿಗೆ ಬರಬೇಕಾದ್ದು 32,500.

ಮಾಲೀಕರ ಲೆಕ್ಕದಲ್ಲಿ ಅದು 13,100 ಆಗಿತ್ತು. ಡೀಸೆಲ್ ಆವರೇಜ್ (ಲೀಟರಿಗೆ ಓಡಬೇಕಾದ ಕಿಲೋಮೀಟರ್) ಬಂದಿಲ್ಲ ಅಂತ 60 ಲೀಟರಿನ ದುಡ್ಡು 5,400, ಒಡೆದ ಟಯರಿಗೆ 14,000 ಕಡಿತ. ಹುಡುಗ ತಲೆ ಆಡಿಸಿ ಬಂದಿದ್ದ.

ತಲೆ ಆಡಿಸಬೇಕಿಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ವೇತನ ಸಂಹಿತೆಯ ಪ್ರಕಾರ ಸಂಬಳದಲ್ಲಿ ಮನಬಂದಂತೆ ಕಡಿತ ಮಾಡುವಂತಿಲ್ಲ. ಮಾಲು ಅಥವಾ ದುಡ್ಡು ನಷ್ಟವಾಗಿದ್ದಕ್ಕೆ ಹಿಡಿಯಬೇಕಾದರೆ ಅದು ನಿಮ್ಮ ಅಜಾಗರೂಕತೆಯಿಂದಲೇ ಆಗಿರಬೇಕು, ನಿಮ್ಮ ಸಮಜಾಯಿಷಿ ಕೇಳಬೇಕು, ಆದ ನಷ್ಟಕ್ಕಿಂತ ಒಂದು ಪೈಸೆಯೂ ಹೆಚ್ಚು ಹಿಡಿಯಬಾರದು. ಎಲ್ಲ ಕಡಿತ ಸೇರಿ ಆ ಅವಧಿಯ ಸಂಬಳದ ಅರ್ಧ ದಾಟಬಾರದು. ಸವೆದ ಟಯರ್ ಒಡೆದರೆ ಅದು ಡ್ರೈವರ್ ತಪ್ಪಲ್ಲ. ಆವರೇಜ್ ವಿಚಾರ ಬಂದರೆ ಯಾವ ಟ್ರಿಪ್, ಎಷ್ಟು ಟನ್, ಘಾಟಿ ಎಷ್ಟು, ಗೇಟಿನ ಮುಂದೆ ಇಂಜಿನ್ ಆನ್ ಮಾಡಿ ಎಷ್ಟು ಹೊತ್ತು ಕ್ಯೂ ನಿಂತಿರಿ ಎಂದು ಬರೆದು ಕೇಳಿ. ಓವರ್‌ಲೋಡ್ ತುಂಬಿಸಿದವರು ಅವರೇ ಆಗಿದ್ದು, ಅದರ ದಂಡವನ್ನು ನಿಮ್ಮ ಖಾತೆಗೆ ಬರೆದಿದ್ದರೆ ಅದನ್ನೂ ಒಪ್ಪಬೇಡಿ.

ಹಾಗಂತ ನಿಮ್ಮ ತಪ್ಪೇ ಆಗಿರುವುದನ್ನು ಅಡಗಿಸಬೇಡಿ. ರಿವರ್ಸ್ ತೆಗೆಯುವಾಗ ಬಂಪರ್ ತಾಗಿಸಿದ್ದರೆ ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಒಂದು ಕಡೆ ನೇರವಾಗಿದ್ದೀರಿ ಎಂದು ಕಂಡರೆ ಮಿಕ್ಕ ಲೆಕ್ಕವನ್ನೂ ಕಾರ್ಮಿಕ ಇಲಾಖೆಯ ಅಧಿಕಾರಿ ನಂಬುತ್ತಾರೆ.

ಹೇಳುವುದು, ಆಮೇಲೆ ಬರೆದು ಕೊಡುವುದು

ಖಾಲಿ ಗಾಡಿ ಶೆಡ್ಡಿಗೆ ಬಂದ ದಿನ ಹೇಳಿ. ಮೊದಲು ಬಾಯಲ್ಲಿ ಹೇಳಿ, ಮರ್ಯಾದೆಯಿಂದ. "ಯಜಮಾನ್ರೇ, ಈ ತಿಂಗಳು ಕಳೆದ ಮೇಲೆ ನಾನು ಗಾಡಿ ಹತ್ತಲ್ಲ, ಮನೆ ಕಡೆ ನೋಡ್ಕೋಬೇಕು" ಅಂದರೆ ಸಾಕು. ಬೇರೆ ಕಡೆ ಹೆಚ್ಚು ಸಂಬಳ ಸಿಕ್ಕಿದೆ ಅಂತಲೋ, ನಿಮ್ಮ ತಮ್ಮನ ಬಾಯಿ ಸರಿಯಿಲ್ಲ ಅಂತಲೋ ಹೇಳಲು ಹೋಗಬೇಡಿ. ಕಾರಣ ಕೊಟ್ಟಷ್ಟೂ ಚೌಕಾಸಿ ಶುರುವಾಗುತ್ತದೆ.

ನೇಮಕದ ಪತ್ರದಲ್ಲಿ ಇಷ್ಟು ದಿನ ಮುಂಚೆ ತಿಳಿಸಬೇಕು ಅಂತ ಇದ್ದರೆ ಅಷ್ಟು ದಿನ ಕೊಡಿ. ಏನೂ ಬರೆದಿಲ್ಲವಾದರೆ 15 ದಿನ ನ್ಯಾಯವಾದ ಗಡುವು ಅನ್ನುವುದು ನನ್ನ ಅಭಿಪ್ರಾಯ, ಇನ್ನೊಬ್ಬ ಡ್ರೈವರ್ ಹುಡುಕಲು ಅವರಿಗೂ ಸಮಯ ಬೇಕಲ್ಲ. ಆ 15 ದಿನದಲ್ಲಿ ದೂರದ ಲೈನಿಗೆ ಹೋಗಬೇಡಿ. "ಇದೊಂದು ಗುವಾಹಟಿ ಟ್ರಿಪ್ ಮುಗಿಸಿಬಿಡು, ಬಂದ ತಕ್ಷಣ ಲೆಕ್ಕ" ಅನ್ನುವುದು ಹಳೇ ಪಟ್ಟು. ಆ ಟ್ರಿಪ್ಪಿಗೆ ರಿಟರ್ನ್ ಲೋಡ್ ಸೇರಿಕೊಂಡು ತಿಂಗಳು ಕಳೆಯುತ್ತದೆ.

ಅದೇ ದಿನ ಬರೆದೂ ಕೊಡಿ. ದೊಡ್ಡ ಕಾಗದವೇನೂ ಬೇಡ:

"ಮಾನ್ಯರೇ, ತಮ್ಮ ಸಂಸ್ಥೆಯಲ್ಲಿ (ದಿನಾಂಕ)ದಿಂದ ಲಾರಿ ಚಾಲಕನಾಗಿ ಕೆಲಸ ಮಾಡುತ್ತಿದ್ದೇನೆ. (ದಿನಾಂಕ)ದಿಂದ ಕೆಲಸಕ್ಕೆ ರಾಜೀನಾಮೆ ನೀಡುತ್ತಿದ್ದೇನೆ. ಅಂದು ಗಾಡಿ ನಂಬರ್ ____ ಅನ್ನು ಎಲ್ಲ ದಾಖಲೆ, ಸಾಮಾನುಗಳೊಂದಿಗೆ ತಮ್ಮ ಶೆಡ್ಡಿನಲ್ಲಿ ಒಪ್ಪಿಸುತ್ತೇನೆ. ನನ್ನ ಲೆಕ್ಕದ ಪ್ರಕಾರ ಮುಂಗಡ ಕಳೆದು ನನಗೆ ಬರಬೇಕಾದ ಬಾಕಿ ರೂ. ____. ವಿವರ ಲಗತ್ತಿಸಿದ್ದೇನೆ. ಇದನ್ನೂ, ತಮ್ಮ ಬಳಿ ಇರುವ ನನ್ನ ಚಾಲನಾ ಪರವಾನಗಿಯ ಮೂಲ ಪ್ರತಿಯನ್ನೂ ಅಂದೇ ಕೊಡಬೇಕಾಗಿ ವಿನಂತಿ."

ಎರಡು ಪ್ರತಿ ಮಾಡಿ, ಒಂದರಲ್ಲಿ ಗುಮಾಸ್ತರ ಸಹಿ, ಸೀಲು ಪಡೆಯಿರಿ. ಸಹಿ ಹಾಕದಿದ್ದರೆ ಜಗಳ ಬೇಡ. ಅದೇ ಕಾಗದದ ಫೋಟೋವನ್ನು ವಾಟ್ಸಾಪಿನಲ್ಲಿ ಹಾಕಿ, ಮೂಲವನ್ನು ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಎತ್ತಿಡಿ. ತೆಗೆದುಕೊಳ್ಳದೆ ವಾಪಸ್ ಕಳಿಸಿದರೂ ಚಿಂತೆಯಿಲ್ಲ. ಸರಿಯಾದ ವಿಳಾಸಕ್ಕೆ ಕಳಿಸಿದ್ದನ್ನು ನಿರಾಕರಿಸಿದರೆ ಮುಟ್ಟಿದಂತೆಯೇ ಎಂದು ಕೋರ್ಟುಗಳು ನೋಡುತ್ತವೆ. ವಾಪಸ್ ಬಂದ ಲಕೋಟೆಯನ್ನು ಒಡೆಯದೆ ಹಾಗೇ ಇಡಿ.

"ರಾಜೀನಾಮೆ ಒಪ್ಪಲ್ಲ" ಅಂದರೆ? ಒಬ್ಬ ಮನುಷ್ಯನನ್ನು ಅವನ ಇಷ್ಟಕ್ಕೆ ವಿರುದ್ಧವಾಗಿ ದುಡಿಸಿಕೊಳ್ಳಲು ಯಾವ ಕೋರ್ಟೂ ಆದೇಶ ಕೊಡುವುದಿಲ್ಲ. ಸಂವಿಧಾನದ 23ನೇ ವಿಧಿ ಬಲವಂತದ ದುಡಿಮೆಯನ್ನೇ ನಿಷೇಧಿಸಿದೆ. ಅವರು ಒಪ್ಪಲಿ, ಬಿಡಲಿ, ನೀವು ಬರೆದ ದಿನಾಂಕಕ್ಕೆ ಕೆಲಸ ಮುಗಿಯಿತು. ಒಪ್ಪಂದ ಮುರಿದಿದ್ದಕ್ಕೆ ದುಡ್ಡು ಕೇಳಬಹುದು, ನಿಮ್ಮನ್ನು ಹಿಡಿದಿಟ್ಟುಕೊಳ್ಳಲಾಗದು. "ಬೇರೆ ಯಾರ ಗಾಡಿಯನ್ನೂ ಹತ್ತಬಾರದು" ಎಂದು ಬರೆಸಿಕೊಂಡಿದ್ದರೆ ಕರಾರು ಕಾಯ್ದೆಯ 27ನೇ ಕಲಮಿನ ಎದುರು ಅದಕ್ಕೂ ಬೆಲೆಯಿಲ್ಲ.

ಗಾಡಿ ಒಪ್ಪಿಸುವ ದಿನ

ಈ ದಿನಕ್ಕೆ ಅರ್ಧ ದಿನ ಮೀಸಲಿಡಿ. ಬೆಳಕಿರುವಾಗ ಒಪ್ಪಿಸಿ, ಕತ್ತಲಲ್ಲಿ ಬೇಡ.

ಗಾಡಿಯ ಸುತ್ತ ಒಂದು ಸುತ್ತು ಬಂದು ನಿಧಾನವಾಗಿ ವಿಡಿಯೋ ಮಾಡಿ. ನಂಬರ್ ಪ್ಲೇಟಿನಿಂದ ಶುರು ಮಾಡಿ ಕ್ಯಾಬಿನ್, ಬಾಡಿ, ಲೈಟು, ಗಾಜು, ಬಂಪರ್ ತೋರಿಸಿ. ಓಡಿದ ಕಿಲೋಮೀಟರ್ ಮತ್ತು ಡೀಸೆಲ್ ಮುಳ್ಳು ಒಂದೇ ಫೋಟೋದಲ್ಲಿ ಬರಲಿ. ಪ್ರತಿ ಟಯರಿನ ಪಕ್ಕದಲ್ಲಿ ಅಚ್ಚಾಗಿರುವ ನಂಬರಿನ ಫೋಟೋ ತೆಗೆಯಿರಿ, ಸ್ಟೆಪ್ನಿಯದೂ ಸೇರಿ. ಹನ್ನೆರಡು ಚಕ್ರದ ಗಾಡಿಗೆ ಇದು ಬೇಸರದ ಕೆಲಸವೇ. ಆದರೆ ಬಿಟ್ಟು ಹೋದ ಡ್ರೈವರ್ ಮೇಲೆ ಹೊರಿಸುವ ಆರೋಪಗಳಲ್ಲಿ "ಹೊಸ ಟಯರ್ ತೆಗೆದು ಹಳೇದು ಹಾಕಿದ" ಎಂಬುದೇ ಮೊದಲನೆಯದು, ಬ್ಯಾಟರಿ ಎರಡನೆಯದು.

ಆಮೇಲೆ ಸಾಮಾನಿನ ಪಟ್ಟಿ: ಜಾಕಿ, ವೀಲ್ ಸ್ಪಾನರ್, ಟಾರ್ಪಾಲು ಎಷ್ಟು, ಹಗ್ಗ ಎಷ್ಟು, ಟೂಲ್ ಬಾಕ್ಸ್. ಗಾಡಿಯ ಆರ್‌ಸಿ, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಇನ್ಶೂರೆನ್ಸ್, ಪರ್ಮಿಟ್, ಟ್ಯಾಕ್ಸ್ ಕಾಗದ, ಹೊಗೆ ತಪಾಸಣೆ ಸರ್ಟಿಫಿಕೇಟ್. ಡೀಸೆಲ್ ಕಾರ್ಡ್. ಕೊನೆಯ ಲೋಡಿನ ಸಹಿ ಹಾಕಿಸಿದ ಎಲ್‌ಆರ್ ಪ್ರತಿ. ಇದು ಕೊಡದಿದ್ದರೆ ಮಾಲೀಕರಿಗೆ ಬಾಡಿಗೆ ಬರುವುದಿಲ್ಲ, ಅದೇ ನೆಪಕ್ಕೆ ನಿಮ್ಮ ಲೆಕ್ಕವೂ ನಿಲ್ಲುತ್ತದೆ. ಖರ್ಚಿಗೆ ಕೊಟ್ಟಿದ್ದ ದುಡ್ಡು ಉಳಿದಿದ್ದರೆ ಯುಪಿಐನಲ್ಲೇ ವಾಪಸ್ ಹಾಕಿ, ಕೈಯಲ್ಲಿ ಕೊಡಬೇಡಿ. ಪಟ್ಟಿಯ ಕೆಳಗೆ ಪಡೆದವರ ಸಹಿ, ಸಮಯ. ಬಿಡುವ ಮುಂಚೆ ಗಾಡಿ ನಂಬರ್ ಹಾಕಿ ಇ-ಚಲನ್ ಬಾಕಿ ನೋಡಿ, ಅದರ ಸ್ಕ್ರೀನ್‌ಶಾಟೂ ಇರಲಿ. ಇಂದಿನ ನಂತರದ ಚಲನ್ ನಿಮ್ಮದಲ್ಲ.

ಕೀಲಿ ತೆಗೆದುಕೊಳ್ಳಲೇ ಮಾಲೀಕರು ಒಪ್ಪದಿದ್ದರೆ, ಹೀಗೂ ಆಗುತ್ತದೆ, ಗಾಡಿಯನ್ನು ಮಾಮೂಲಿಯಾಗಿ ನಿಲ್ಲಿಸುವ ಜಾಗದಲ್ಲೇ ನಿಲ್ಲಿಸಿ. ಇಬ್ಬರು ಪರಿಚಯದವರ ಎದುರು ಕೀಲಿಯನ್ನು ಆಫೀಸಿನ ಮೇಜಿನ ಮೇಲೆ ಇಟ್ಟು, ಅದನ್ನೂ ವಿಡಿಯೋ ಮಾಡಿ, "ಗಾಡಿ ಇಂಥಲ್ಲಿ ನಿಂತಿದೆ, ಕೀಲಿ ಆಫೀಸಿನ ಮೇಜಿನ ಮೇಲಿದೆ, ಸಮಯ ಇಷ್ಟು" ಎಂದು ಲೊಕೇಶನ್ ಸಮೇತ ಮೆಸೇಜ್ ಹಾಕಿ. ಆಫೀಸೇ ಬೀಗ ಹಾಕಿದ್ದರೆ ಹತ್ತಿರದ ಪೊಲೀಸ್ ಠಾಣೆಗೆ ಹೋಗಿ ವಿಷಯ ಬರೆದು ಕೊಟ್ಟು ಸ್ವೀಕೃತಿ ಕೇಳಿ. ಅವರ ದೂರಿಗಿಂತ ನಿಮ್ಮ ಅರ್ಜಿ ಒಂದು ದಿನ ಮುಂಚಿನದಾಗಿದ್ದರೆ ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ.

ಡಿಎಲ್ ಅವರ ಬೀರುವಿನಲ್ಲಿದ್ದರೆ

ಡ್ರೈವಿಂಗ್ ಲೈಸೆನ್ಸ್ ನಿಮ್ಮದು. ಅದನ್ನು ಒತ್ತೆ ಇಟ್ಟುಕೊಳ್ಳಲು ಮಾಲೀಕರಿಗೆ ಯಾವ ಅಧಿಕಾರವೂ ಇಲ್ಲ. ಆದರೂ ಅದಿಲ್ಲದೆ ಹೊಸ ಕೆಲಸಕ್ಕೆ ಹೋಗಲಾಗದು ಅಂತ ಎಷ್ಟೋ ಜನ ಆರಾರು ತಿಂಗಳು ಅಲ್ಲೇ ಕೊಳೆಯುತ್ತಾರೆ. ನಿಜ ಏನೆಂದರೆ ಸರ್ಕಾರದ ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪಿನಲ್ಲಿರುವ ಡಿಎಲ್‌ಗೂ ಕಾರ್ಡಿನಷ್ಟೇ ಬೆಲೆ ಇದೆ. 2018ರಲ್ಲೇ ಕೇಂದ್ರ ಮೋಟಾರು ವಾಹನ ನಿಯಮ ತಿದ್ದಿ ಹೀಗೆ ಮಾಡಿದ್ದಾರೆ. ಚೆಕ್‌ಪೋಸ್ಟಿನಲ್ಲಿ ಫೋನ್ ತೋರಿಸಿದರೆ ಸಾಕು. ಆದ್ದರಿಂದ ರಾಜೀನಾಮೆ ಕೊಡುವ ಮುಂಚೆಯೇ ಡಿಎಲ್‌ಗೆ ನಿಮ್ಮ ಸ್ವಂತ ಮೊಬೈಲ್ ನಂಬರ್ ಜೋಡಿಸಿ, ಡಿಜಿಲಾಕರಿಗೆ ಇಳಿಸಿಕೊಳ್ಳಿ.

ಒಂದು ಎಚ್ಚರಿಕೆ. "ಡಿಎಲ್ ಕಳೆದುಹೋಗಿದೆ ಅಂತ ಪೊಲೀಸರ ಇ-ಲಾಸ್ಟ್ ಆ್ಯಪಿನಲ್ಲಿ ಹಾಕಿ ಡೂಪ್ಲಿಕೇಟ್ ಮಾಡಿಸ್ಕೋ" ಎಂದು ಬುದ್ಧಿ ಹೇಳುವವರು ಸಿಗುತ್ತಾರೆ. ಕಾರ್ಡು ಮಾಲೀಕರ ಬೀರುವಿನಲ್ಲಿದೆ ಎಂದು ಗೊತ್ತಿದ್ದೂ ಕಳೆದಿದೆ ಅಂದರೆ ಅದು ಸುಳ್ಳು ಹೇಳಿಕೆ. ನಾಳೆ ಅವರು ಅದೇ ಕಾರ್ಡನ್ನು ತಂದು ತೋರಿಸಿದರೆ ನಿಮ್ಮ ಮುಖ ಎಲ್ಲಿಡುತ್ತೀರಿ? ಇದ್ದದ್ದು ಇದ್ದ ಹಾಗೆ, "ಇಂಥವರು ಇಟ್ಟುಕೊಂಡಿದ್ದಾರೆ, ಕೊಡಿಸಿ" ಎಂದೇ ಠಾಣೆಗೆ ಅರ್ಜಿ ಕೊಡಿ. ಹೆಚ್ಚಿನ ಸಲ ಠಾಣೆಯಿಂದ ಒಂದು ಫೋನ್ ಹೋದರೆ ಕಾರ್ಡು ಬರುತ್ತದೆ.

ಎಟಿಎಂ ಕಾರ್ಡ್ ಇಟ್ಟುಕೊಂಡಿದ್ದರೆ ಬ್ಲಾಕ್ ಮಾಡಿಸಿ ಹೊಸದು ತೆಗೆದುಕೊಳ್ಳಿ, ಅದಕ್ಕೆ ಯಾರನ್ನೂ ಕೇಳಬೇಕಿಲ್ಲ.

ಮುಂಗಡ ಮತ್ತು ಖಾಲಿ ಚೆಕ್ಕು

ಮುಂಗಡ ಸಾಲವೇ. ಅದನ್ನು ತೀರಿಸಬೇಕು, ಇಲ್ಲ ಅನ್ನುವುದಿಲ್ಲ. ಆದರೆ ತೀರುವವರೆಗೂ ನನ್ನ ಗಾಡಿಯನ್ನೇ ಓಡಿಸಬೇಕು ಅನ್ನುವುದು ಬೇರೆ ಮಾತು. ಮುಂಗಡದ ನೆಪದಲ್ಲಿ ಬೇರೆ ಕಡೆ ದುಡಿಯುವ ಸ್ವಾತಂತ್ರ್ಯವನ್ನೇ ಕಸಿದುಕೊಂಡರೆ ಅದು ಜೀತ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಇರುವುದು ಹೊಲದಲ್ಲಿ ದುಡಿಯುವವರಿಗೆ ಮಾತ್ರ ಅಂತ ತಿಳಿಯಬೇಡಿ. ಹೊರಗೆ ಬಿಡುತ್ತಿಲ್ಲ, ಹೆದರಿಸಿ ದುಡಿಸುತ್ತಿದ್ದಾರೆ ಎಂಬ ಮಟ್ಟಕ್ಕೆ ಹೋಗಿದ್ದರೆ ತಹಶೀಲ್ದಾರರಿಗೆ ಅಥವಾ ಉಪವಿಭಾಗಾಧಿಕಾರಿಗೆ ದೂರು ಕೊಡಿ. ರೂಮಿನಲ್ಲಿ ಕೂಡಿಹಾಕಿದರೆ 112ಕ್ಕೆ ಫೋನ್ ಮಾಡಿ.

ಅಷ್ಟು ದೂರ ಹೋಗದ ಸಾಮಾನ್ಯ ಪ್ರಸಂಗಗಳಲ್ಲಿ ಬಾಕಿ ಸಂಬಳದಲ್ಲಿ ವಜಾ ಮಾಡಿಕೊಳ್ಳಿ ಎಂದು ಬರೆದು ಕೊಡಿ. ಅದಕ್ಕೂ ಮೀರಿ ಉಳಿದರೆ ತಿಂಗಳಿಗೆ ಇಷ್ಟು ಅಂತ ಕಂತು ಹೇಳಿ ಬ್ಯಾಂಕ್ ಮೂಲಕ ಕಟ್ಟಿ.

ಸೇರುವಾಗ ಸಹಿ ಮಾಡಿದ ಖಾಲಿ ಚೆಕ್ಕು ಕೊಟ್ಟಿದ್ದೀರಾ? ಆ ಚೆಕ್ ನಂಬರ್ ಬರೆದು, "ಇದು ಭದ್ರತೆಗೆ ಕೊಟ್ಟದ್ದು, ಉಳಿದ ಸಾಲ ಇಷ್ಟೇ, ಚೆಕ್ ವಾಪಸ್ ಕೊಡಿ" ಅಂತ ರಾಜೀನಾಮೆಯ ಜೊತೆಯಲ್ಲೇ ಕಳಿಸಿ. ಬ್ಯಾಂಕಿನಲ್ಲಿ ಸ್ಟಾಪ್ ಪೇಮೆಂಟ್ ಮಾಡಿಸಿದರೆ ಮುಗಿಯಿತು ಅಂದುಕೊಳ್ಳಬೇಡಿ. ಹಾಗೆ ಮಾಡಿಸಿದ ಚೆಕ್ಕಿನ ಮೇಲೂ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ಕೇಸು, ಅಂದರೆ ಚೆಕ್ ಬೌನ್ಸ್ ಕೇಸು ಹಾಕಬಹುದು. ವಕೀಲರ ನೋಟಿಸ್ ಬಂದರೆ 15 ದಿನದ ಗಡುವು ಇರುತ್ತದೆ. ಅದರೊಳಗೆ ಬರಹದಲ್ಲಿ ಉತ್ತರ ಹೋಗಲೇಬೇಕು. ನೋಟಿಸನ್ನು ಡ್ಯಾಶ್‌ಬೋರ್ಡಿನಲ್ಲಿ ಮಡಚಿಟ್ಟು ಮರೆತ ಹುಡುಗನಿಗೆ ಎಂಟು ತಿಂಗಳಾದ ಮೇಲೆ ವಾರಂಟ್ ಬಂದದ್ದು ನೋಡಿದ್ದೇನೆ.

ಲೆಕ್ಕ ಕೊಡದಿದ್ದರೆ

ರಾಜೀನಾಮೆ ಕೊಟ್ಟವರ ಬಾಕಿ ಸಂಬಳವನ್ನು ಎರಡು ಕೆಲಸದ ದಿನದೊಳಗೆ ಕೊಡಬೇಕೆಂದು ವೇತನ ಸಂಹಿತೆ ಹೇಳುತ್ತದೆ. ಇದು ಹೊಸದು. 1936ರ ಹಳೇ ವೇತನ ಪಾವತಿ ಕಾಯ್ದೆಯಲ್ಲಿ ಎರಡು ದಿನದ ಮಾತು ಇದ್ದದ್ದು ಮಾಲೀಕರೇ ತೆಗೆದುಹಾಕಿದವರಿಗೆ. ಎರಡೇ ಲಾರಿ ಇರುವ ಸಣ್ಣ ಮಾಲೀಕರಿಗೂ ಇದು ಅನ್ವಯಿಸುತ್ತದೆ.

ನಾನಾದರೆ ಒಂದು ವಾರ ಕಾದು, ಇನ್ನೊಂದು ಮೆಸೇಜ್ ಹಾಕಿ, ಆಮೇಲೆ ಕಾರ್ಮಿಕ ಇಲಾಖೆಗೆ ಹೋಗುತ್ತೇನೆ. ತಾಲ್ಲೂಕು ಮಟ್ಟದಲ್ಲಿ ಕಾರ್ಮಿಕ ನಿರೀಕ್ಷಕರ ಕಚೇರಿ ಇರುತ್ತದೆ. ಬೆಂಗಳೂರಿನವರಿಗೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ. ಇಲಾಖೆಯ ಸಹಾಯವಾಣಿ 155214. ನಾಮಕ್ಕಲ್, ಕೊಲ್ಹಾಪುರದಂಥ ಹೊರರಾಜ್ಯದ ಊರಿನ ಮಾಲೀಕರಾದರೆ ಅವರ ಆಫೀಸು ಇರುವ ಊರಿನ ಅಧಿಕಾರಿಗೇ ಅರ್ಜಿ ಹೋಗಬೇಕು. ಅಂಥ ಕಡೆ ಅಲ್ಲಿನ ಚಾಲಕರ ಸಂಘದ ಮೂಲಕ ಹಾಕಿಸುವುದು ಸುಲಭ, ನೋಂದಾಯಿತ ಸಂಘವೂ ನಿಮ್ಮ ಪರವಾಗಿ ಅರ್ಜಿ ಹಾಕಬಹುದು.

ಅರ್ಜಿ ಹಾಕಲು ಮೂರು ವರ್ಷದ ಅವಕಾಶವಿದೆ. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೂ ಪರಿಹಾರ ಕೊಡಿಸುವ ಅಧಿಕಾರ ಅಧಿಕಾರಿಗಿದೆ. ಹತ್ತು ಪಟ್ಟು ಸಿಕ್ಕೇ ಸಿಗುತ್ತದೆ ಅಂತ ಮನೆ ಕಟ್ಟಲು ಹೊರಡಬೇಡಿ, ಆದರೆ ಮಾತುಕತೆಗೆ ಕೂತಾಗ ಮಾಲೀಕರಿಗೆ ಈ ಸಂಖ್ಯೆ ಗೊತ್ತಿರುವುದು ಒಳ್ಳೆಯದು. ಅದಕ್ಕಿಂತ ಉಪಯೋಗದ್ದು ಇನ್ನೊಂದಿದೆ. ಸಂಬಳ ಕೊಟ್ಟಿದ್ದೇನೆ ಎಂದು ಸಾಬೀತು ಮಾಡುವ ಹೊಣೆ ಮಾಲೀಕರದ್ದು. ಕೆಲಸಕ್ಕಿದ್ದಿರಿ ಎಂಬುದನ್ನು ನೀವು ತೋರಿಸಿದರೆ ದುಡ್ಡು ಕೊಟ್ಟ ರಸೀದಿಯನ್ನು ಅವರೇ ತರಬೇಕು. ನೋಟ್‌ಬುಕ್ಕು, ಸ್ಕ್ರೀನ್‌ಶಾಟು ಕೆಲಸಕ್ಕೆ ಬರುವುದು ಇಲ್ಲೇ.

ಕಚೇರಿಗೆ ಕರೆದಾಗ ಮಾಲೀಕರು ಒಂದು ಮೊತ್ತ ಹೇಳುತ್ತಾರೆ. 32,500ರಲ್ಲಿ 28,000ಕ್ಕೆ ಒಪ್ಪಿ ಅಂದೇ ಪಡೆದರೆ ತಪ್ಪೇನಿಲ್ಲ ಅನ್ನುತ್ತೇನೆ. ಕೇಸಿಗಾಗಿ ಓಡಾಡಿ ಕಳೆಯುವ ದಿನಗಳಿಗೂ ದಿನಗೂಲಿ ಲೆಕ್ಕ ಹಾಕಿ ನೋಡಿ. ಆದರೆ ದುಡ್ಡು ಖಾತೆಗೆ ಬೀಳುವ ಮುಂಚೆ "ಪೂರ್ತಿ ಲೆಕ್ಕ ಚುಕ್ತಾ" ಎಂಬ ಕಾಗದಕ್ಕೆ ಸಹಿ ಹಾಕಬೇಡಿ.

ಸ್ಟೇಷನ್ನಿನಿಂದ ಕರೆ ಬಂದರೆ

ಫೋನ್ ಸ್ವಿಚ್ ಆಫ್ ಮಾಡಿ ಊರು ಬಿಡಬೇಡಿ. ಹೋಗಿ. ಒಬ್ಬರೇ ಹೋಗಬೇಡಿ, ಹಿರಿಯರೊಬ್ಬರನ್ನು ಕರೆದುಕೊಂಡು, ರಾಜೀನಾಮೆ, ಸಾಮಾನು ಪಟ್ಟಿ, ವಿಡಿಯೋ ತೆಗೆದುಕೊಂಡು ಹೋಗಿ. ಗಾಡಿ ಒಪ್ಪಿಸಿದ ವಿಡಿಯೋ ನೋಡಿದ ಮೇಲೆ ಹೆಚ್ಚಿನ ಸಬ್ ಇನ್‌ಸ್ಪೆಕ್ಟರ್‌ಗಳು "ಇದು ನಿಮ್ಮ ಸಂಬಳದ ತಕರಾರು, ಲೇಬರ್ ಆಫೀಸಿಗೆ ಹೋಗಿ" ಎಂದು ಇಬ್ಬರನ್ನೂ ಕಳಿಸುತ್ತಾರೆ. ಓದದೆ ಯಾವ ಮುಚ್ಚಳಿಕೆಗೂ ಸಹಿ ಬೇಡ. ವಕೀಲರ ನೆರವು ಬೇಕಿದ್ದರೆ ಕಾನೂನು ಸೇವಾ ಪ್ರಾಧಿಕಾರದ ನಂಬರ್ 15100. ಅರ್ಹರಾದವರಿಗೆ ಫೀಸಿಲ್ಲ.

ಹಳೇ ಆ್ಯಕ್ಸಿಡೆಂಟ್ ಕೇಸಿದ್ದರೆ

ಇದನ್ನು ಹೇಳಿಕೊಡುವವರು ಕಡಿಮೆ. ಆ ಗಾಡಿಯಲ್ಲಿದ್ದಾಗ ಅಪಘಾತ ಆಗಿ ಕೇಸು ನಡೆಯುತ್ತಿದ್ದರೆ, ಕೆಲಸ ಬಿಟ್ಟರೂ ಕೇಸು ನಿಮ್ಮನ್ನು ಬಿಡುವುದಿಲ್ಲ. ವಕೀಲರನ್ನು ಇಟ್ಟವರು ಮಾಲೀಕರು, ಜಾಮೀನಿಗೆ ನಿಂತವರು ಅವರ ಕಡೆಯವರು. ನೀವು ಬಿಟ್ಟ ಮರುದಿನದಿಂದ ಇಬ್ಬರೂ ನಿಮ್ಮ ಫೋನ್ ಎತ್ತುವುದಿಲ್ಲ. ಸಮನ್ಸ್ ಶೆಡ್ಡಿನ ವಿಳಾಸಕ್ಕೆ ಹೋಗಿ ಅಲ್ಲೇ ಬೀಳುತ್ತದೆ.

ಆದ್ದರಿಂದ ಬಿಡುವ ಮುಂಚೆ ಎಫ್‌ಐಆರ್, ಚಾರ್ಜ್‌ಶೀಟ್, ಅಪಘಾತದ ದಿನ ಇದ್ದ ಇನ್ಶೂರೆನ್ಸ್ ಪಾಲಿಸಿ, ಪರ್ಮಿಟ್, ಎಫ್‌ಸಿ ಎಲ್ಲದರ ನಕಲು ತೆಗೆದಿಟ್ಟುಕೊಳ್ಳಿ. ಪರಿಹಾರದ ಕೇಸಿನಲ್ಲಿ ಡ್ರೈವರನ್ನೂ ಪ್ರತಿವಾದಿ ಮಾಡಿರುತ್ತಾರೆ, ಆ ಪಾಲಿಸಿಯ ನಕಲು ಅಲ್ಲಿ ನಿಮ್ಮ ಕೊಡೆ. ಕೇಸ್ ನಂಬರ್ ಇದ್ದರೆ ಇ-ಕೋರ್ಟ್ಸ್ ಆ್ಯಪಿನಲ್ಲಿ ಮುಂದಿನ ತಾರೀಖನ್ನು ನೀವೇ ನೋಡಬಹುದು. ಕೋರ್ಟಿಗೆ ಹೊಸ ವಿಳಾಸ ಕೊಡಿ.

ಉಳಿದದ್ದು

ಪಿಎಫ್ ಹಿಡಿಯುತ್ತಿದ್ದರೆ ಯುಎಎನ್ ನಂಬರ್, ಅಂದರೆ ಮಾಲೀಕರು ಬದಲಾದರೂ ಬದಲಾಗದ ಪಿಎಫ್ ನಂಬರ್ ಇಟ್ಟುಕೊಳ್ಳಿ. ಕೆಲಸ ಬಿಟ್ಟ ದಿನಾಂಕವನ್ನು ಮಾಲೀಕರು ನಮೂದಿಸದಿದ್ದರೆ ಕೊನೆಯ ಕಂತು ಬಿದ್ದ ಎರಡು ತಿಂಗಳ ಮೇಲೆ ನೀವೇ ಪೋರ್ಟಲ್ಲಿನಲ್ಲಿ ಹಾಕಬಹುದು. ದೊಡ್ಡ ಸಂಸ್ಥೆಯಲ್ಲಿ ಐದು ವರ್ಷ ಬಿಡದೆ ದುಡಿದಿದ್ದರೆ ಗ್ರಾಚ್ಯುಟಿಯನ್ನೂ ಕೇಳಿ. ರಾಜ್ಯದಲ್ಲಿ ಸಾರಿಗೆ ಕಾರ್ಮಿಕರಿಗಾಗಿಯೇ 2024ರಲ್ಲಿ ಸಾಮಾಜಿಕ ಭದ್ರತೆಯ ಕಾಯ್ದೆ ಬಂದಿದೆ. ಅದರ ಮಂಡಳಿಯ ನೋಂದಣಿ ನಿಮ್ಮ ಹೆಸರಿನದು, ಮಾಲೀಕರು ಬದಲಾದರೂ ನಿಮ್ಮ ಜೊತೆಗೇ ಬರುತ್ತದೆ. ಇನ್ನೂ ಮಾಡಿಸಿಲ್ಲದಿದ್ದರೆ ಈ ಖಾಲಿ ದಿನಗಳಲ್ಲಿ ಮಾಡಿಸಿ.

ಹೊಸ ಮಾಲೀಕರು ಹಳಬರಿಗೆ ಫೋನ್ ಮಾಡಿಯೇ ಮಾಡುತ್ತಾರೆ. ಆದ್ದರಿಂದ ನಿಮ್ಮ ಬಾಯಿಂದಲೇ ಮೊದಲು ಹೇಳಿ: ಲೆಕ್ಕದ ತಕರಾರಿದೆ, ಗಾಡಿ ಸರಿಯಾಗಿ ಒಪ್ಪಿಸಿದ್ದೇನೆ, ಪಟ್ಟಿ ಇಲ್ಲಿದೆ. ಈ ಸಲ ಮೂಲ ಡಿಎಲ್ ಕೊಡಬೇಡಿ, ಜೆರಾಕ್ಸ್ ಕೊಡಿ.

ಕೊನೆಯದಾಗಿ ದಾರಿಯ ಸಾಲ. ಖಾಯಂ ಢಾಬಾ, ಪಂಕ್ಚರ್ ಅಂಗಡಿ, ಬಂಕುಗಳಲ್ಲಿ ಗಾಡಿ ನಂಬರಿನ ಮೇಲೆ ಬರೆಸಿದ ಬಾಕಿ ಇರುತ್ತದಲ್ಲ, ಅದನ್ನು ಬಿಡುವ ಮುಂಚಿನ ಟ್ರಿಪ್ಪಿನಲ್ಲಿ ತೀರಿಸಿ, ಇಂದಿನಿಂದ ನಾನು ಈ ಗಾಡಿಯಲ್ಲಿಲ್ಲ ಎಂದು ಹೇಳಿ ಬನ್ನಿ. ನಾನು ಈರುಳ್ಳಿ ಗಾಡಿ ಬಿಟ್ಟು ಬಸ್ ಹತ್ತಿದಾಗ ಹಿರಿಯೂರಿನ ಢಾಬಾ ಒಂದರಲ್ಲಿ 340 ರೂಪಾಯಿ ಬಾಕಿ ಇತ್ತು. ನನ್ನ ನಂತರ ಆ ಗಾಡಿ ಹತ್ತಿದ ಹುಡುಗನಿಂದ ವಸೂಲಿ ಮಾಡಿದ್ದರು. ಎರಡು ವರ್ಷದ ಮೇಲೆ ಶಿರಾ ಟೋಲಿನ ಹತ್ತಿರ ಅವನು ಸಿಕ್ಕಿದಾಗ ಕೊಟ್ಟೆ.